ಸಾತನೂರಕ್ಕ ಅಳೆದ ಓಣಿ

ಸಾತನೂರಕ್ಕ ತೀರಿಕೊಂಡ ಮೇಲೆ ಅವಳ ವಿಷಯ ಎತ್ತಿದವರೆಲ್ಲ ಒಂದೇ ಮಾತು ಆಡುತ್ತಾರೆ. ಗಂಡನ ಸೇವೆ ಮಾಡಿ ಮಾಡಿ ಸವೆದುಹೋದಳು, ಇಂಥ ಹೆಂಗಸು ಇನ್ನು ಸಿಗುವುದಿಲ್ಲ ಅಂತ. ತಿಥಿ ಊಟದ ದಿನ ನನ್ನ ಪಕ್ಕದ ಎಲೆಗೆ ಕೂತಿದ್ದವರೂ ಅದನ್ನೇ ಹೇಳಿದರು, ಎದುರಿನ ಸಾಲಿನವರೂ ಅದನ್ನೇ ಹೇಳಿದರು. ಬಡಿಸುವವನು ಬಂದು ಅದನ್ನೇ ಹೇಳಿದಾಗ ಎಲೆ ಬಿಟ್ಟು ಎದ್ದು ಬಂದೆ. ಅವರು ಹೇಳಿದ್ದು ಸುಳ್ಳು ಅಂತ ಅಲ್ಲ. ಸೇವೆ ಮಾಡಿದ್ದು ನಿಜ, ಸವೆದದ್ದೂ ನಿಜ. ಆದರೆ ಒಬ್ಬಳನ್ನು ಇಷ್ಟರಲ್ಲೇ ಮುಗಿಸಿ ಕೈತೊಳೆದುಕೊಂಡರೆ ನನಗೆ ಸಿಟ್ಟು ಬರುತ್ತದೆ. ದಣಿದ ವಯಸ್ಸಿನ ಸಿಟ್ಟು, ಯಾರ ಮೇಲೂ ತೀರಿಸಿಕೊಳ್ಳುವ ಹಾಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವಳಿಗೆ ಹೆಸರಿತ್ತು. ಚನ್ನಪಟ್ಟಣದ ನಮ್ಮ ಓಣಿಗೆ ಸೊಸೆಯಾಗಿ ಬಂದ ದಿನದಿಂದ ಸಾತನೂರಿನವಳು, ಆಮೇಲೆ ಸಾತನೂರಕ್ಕ. ಈಗ ಹೆಸರು ಬರೆದರೆ ಓಣಿಯವರೇ ಯಾರಪ್ಪಾ ಇದು ಅಂತ ಕೇಳುತ್ತಾರೆ. ತವರಿಗೆ ಹೋಗುವುದು ನಿಂತು ಎಷ್ಟೋ ವರ್ಷವಾಗಿದ್ದರೂ ಊರಿನ ಹೆಸರು ಮಾತ್ರ ಅವಳನ್ನು ಬಿಡಲಿಲ್ಲ.

ಓಣಿ ಅಂದರೆ ದೊಡ್ಡದೇನಲ್ಲ. ಪೇಟೆ ಬೀದಿಯಿಂದ ಒಳಕ್ಕೆ ತಿರುಗಿದರೆ ಮೊದಲು ನಿಂಗಮ್ಮನ ಮನೆ. ಅವರಿಗೆ ಊರ ಹೊರಗೆ ಜಮೀನು, ಮನೆ ಹಿಂದೆ ಎರಡು ಹಸು. ಆಮೇಲೆ ಬೊಂಬೆಗಳಿಗೆ ಕಣ್ಣು ಮೂಗು ಬರೆಯುವ ಶಾಹಿದಾಳ ಮನೆ. ಮೂರನೆಯದು ನನ್ನದು. ಕೊನೆಯಲ್ಲಿ ಸಾತನೂರಕ್ಕನದು, ಅಲ್ಲಿಗೆ ಓಣಿ ಮುಗಿಯಿತು. ನೆಲ ಪೂರಾ ಮಣ್ಣು. ಮಳೆ ಬಂದರೆ ಕೆಸರು, ಮಳೆ ಹೋದರೆ ಹಸುವಿನ ಗೊರಸಿನ ಗುಳಿ ಹಾಗೇ ಒಣಗಿ ನಿಲ್ಲುವುದು. ಸರ್ಕಾರದವರು ರಸ್ತೆ ಮಾಡಿಕೊಡುವಂತಿರಲಿಲ್ಲ, ಯಾಕೆಂದರೆ ಅದು ರಸ್ತೆಯೇ ಅಲ್ಲ. ನಾಲ್ಕು ಮನೆಯವರ ಪತ್ರದಲ್ಲೂ ಒಂದೊಂದು ತುಂಡು ಸೇರಿಕೊಂಡ ಜಾಗ. ಓಡಾಡುವುದು ಎಲ್ಲರೂ, ಗುಡಿಸುವುದು ಅವರವರ ಬಾಗಿಲ ಮುಂದೆ ಮಾತ್ರ.

ಅವಳ ಗಂಡ ಬೊಂಬೆ ಕಾರ್ಖಾನೆಯಲ್ಲಿ ಲೇತಿನ ಮುಂದೆ ಕೂತು ಮರಕ್ಕೆ ಅರಗಿನ ಬಣ್ಣ ಹಿಡಿಯುವ ಕೆಲಸ ಮಾಡುತ್ತಿದ್ದರು. ಒಳ್ಳೆಯ ಮನುಷ್ಯ, ಕುಡಿತ ಇಲ್ಲ, ಕೈ ಎತ್ತಿದವರಲ್ಲ. ಆದರೆ ಮನೆಯಲ್ಲಿ ಇದ್ದವರೂ ಅಲ್ಲ. ಬೆಳಿಗ್ಗೆ ಕೆಲಸ, ಸಂಜೆ ಟೀ ಅಂಗಡಿ, ಅಲ್ಲಿಂದ ಯಾರದೋ ಜಗಲಿ. ಮನೆಗೆ ಬರುವುದು ಊಟಕ್ಕೆ, ನಿದ್ದೆಗೆ. ಮಗಳು ಮದುವೆಯಾಗಿ ಮರಳವಾಡಿಗೆ ಹೋದ ಮೇಲೆ ಹಗಲೆಲ್ಲ ಸಾತನೂರಕ್ಕ ಒಬ್ಬಳೇ ಇರುತ್ತಿದ್ದಳು. ಆಗ ಅವಳು ಕೆಲಸ ಮಾಡುತ್ತ ಹಾಡಿಕೊಳ್ಳುತ್ತಿದ್ದುದು ನನಗೆ ನೆನಪಿದೆ. ಚೆನ್ನಾಗೇನೂ ಹಾಡುತ್ತಿರಲಿಲ್ಲ.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಎಡಗಡೆ ಪೂರ್ತಿ ಬಿದ್ದುಹೋಯಿತು. ಬಲಗೈ ಬಲಗಾಲು ಉಳಿದವು, ಮಾತು ಒಸಿ ತೊದಲುತ್ತ ಉಳಿಯಿತು. ಹೊರಗೇ ಬದುಕಿದ್ದ ಮನುಷ್ಯ ನಡುಮನೆಯ ಮಂಚಕ್ಕೆ ಬಂದು ಕೂತರು. ಅವತ್ತಿನಿಂದ ನಮ್ಮ ಓಣಿಯಲ್ಲಿ ಒಂದು ಕೂಗು ಶುರುವಾಯಿತು.

“ಎಲ್ಲೋದ್ಯೇ?”

ನೀರು ಬೇಕು, ಮಾತ್ರೆ ಬೇಕು ಅಂತ ಕೂಗುತ್ತಿದ್ದರೆ ಸರಿ. ಏನೂ ಬೇಕಿರಲಿಲ್ಲ. ಅವಳು ಇದ್ದಾಳೆ ಅಂತ ಗೊತ್ತಾದರೆ ಸಾಕಿತ್ತು. “ಇಲ್ಲೇ ಇವ್ನಿ” ಅಂತ ಅವಳು ಅಡುಗೆಮನೆಯಿಂದ ಹೇಳಬೇಕು. ಬಚ್ಚಲಿನಿಂದ ಹೇಳಬೇಕು. ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತ ಹೇಳಬೇಕು. ನಾನು ವಿರೂಪಾಕ್ಷಿಪುರದ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು, ಬಸ್ಸಿನಲ್ಲಿ ನಿಂತುಕೊಂಡೇ ವಾಪಸು ಬಂದು, ಕಾಲು ಚಾಚಿ ಕೂತರೆ ಆಚೆ ಮನೆಯಿಂದ ಅದೇ ಕೂಗು, ಅದೇ ಉತ್ತರ. ಕೇಳುವ ನನಗೇ ಸುಸ್ತಾಗುತ್ತಿತ್ತು. ಉತ್ತರ ಕೊಡುವವಳಿಗೆ ಏನಾಗುತ್ತಿತ್ತು ಅಂತ ಯಾರೂ ಕೇಳಲಿಲ್ಲ, ಹೊಗಳಿದರು ಅಷ್ಟೆ.

ಹೊಗಳಿದರೆ ಅವಳು “ಹೂಂ” ಅನ್ನುತ್ತಿದ್ದಳು. ಆಮೇಲೆ ನಲ್ಲೀಲಿ ನೀರು ಬಂತಾ ಅಂತ ಕೇಳುತ್ತಿದ್ದಳು. ಊಟ ನಿಂತುಕೊಂಡೇ. ಸೆರಗು ಸದಾ ಸೊಂಟಕ್ಕೆ ಸಿಕ್ಕಿಸಿಯೇ ಇರಬೇಕು. ಕೆಲವು ಸಲ ಕರಿಬೇವು ಕೇಳುವ ನೆಪದಲ್ಲಿ ನನ್ನ ಮನೆಗೆ ಬಂದು ಹೊಸ್ತಿಲ ಮೇಲೆ ಕೂರುವಳು.

“ಒಸಿ ಕೂತ್ಕತ್ತೀನಿ ಟೀಚರಮ್ಮ. ಮಾತಾಡ್ಸ್‌ಬ್ಯಾಡಿ.”

ನಾನು ಮಾತಾಡಿಸುತ್ತಿರಲಿಲ್ಲ. ಬೆರಳುಗಳ ನೆಟಿಗೆ ಒಂದೊಂದಾಗಿ ತೆಗೆದುಕೊಳ್ಳುತ್ತಿದ್ದಳು. ಹತ್ತೂ ಬೆರಳು ಮುಗಿಯುವ ಮೊದಲೇ ಕೂಗು ಬರುತ್ತಿತ್ತು, ಕರಿಬೇವು ಮರೆತು ಎದ್ದು ಹೋಗುತ್ತಿದ್ದಳು.

ಯಾವುದೋ ಕ್ಯಾಂಪಿನಲ್ಲಿ ಪುಣ್ಯಾತ್ಮರೊಬ್ಬರು ಗಾಲಿ ಕುರ್ಚಿ ಕೊಟ್ಟರು. ಅದು ಮನೆಯೊಳಗೆ ಮಂಚದ ಪಕ್ಕ ನಿಂತಿತು. ಹೊಸ್ತಿಲು ದಾಟಿಸಿದರೆ ಮುಂದೆ ಮಣ್ಣು. ಒಂದು ಸಲ ತಳ್ಳಿ ನೋಡಿದಳು. ನನ್ನ ಬಾಗಿಲವರೆಗೆ ಬರುವಷ್ಟರಲ್ಲಿ ಅವಳಿಗೂ ಬೆವರು, ಕುರ್ಚಿಯಲ್ಲಿದ್ದವರಿಗೂ ಬೆವರು. ವಾಪಸು ಹೋದರು. ಆಮೇಲೆ ಅದರ ಮೇಲೆ ಒಗೆದ ಬಟ್ಟೆ ಒಣಗುತ್ತಿತ್ತು.

ಒಂದು ದಿನ ಹಾಲಿಗೆ ಹೋದವಳು ಹಾಲು ತರುವುದನ್ನೇ ಬಿಟ್ಟು ನನ್ನ ಮನೆಗೆ ಬಂದಳು. ಪೇಟೆ ಬೀದಿಯಲ್ಲಿ ಯಾರೋ ಮನೆ ಮುಂದಿನ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸಿದ್ದರಂತೆ, ಒಂದರ ಮಗ್ಗುಲಿಗೆ ಒಂದು ಕಚ್ಚಿಕೊಂಡು ಕೂರುವ ಆ ಸಿಮೆಂಟು ಕಲ್ಲು. ಇವಳು ಅದರ ಮೇಲೆ ಅತ್ತಿಂದಿತ್ತ ಓಡಾಡಿ ನೋಡಿದ್ದಳು. ಮನೆಯವರು ಯಾರಮ್ಮಾ ಅಂದರಂತೆ. ಸುಮ್ನೆ ನೋಡ್ತಿವ್ನಿ ಅಂದಳಂತೆ.

“ಓಣಿಗೆಲ್ಲ ಆ ಕಲ್ಲು ಹಾಸ್ಬುಟ್ರೆ ಅವ್ರು ತಾವೇ ಹೋಯ್ತಾರೆ ಅಲ್ವಾ ಟೀಚರಮ್ಮ? ಬಲಗೈ ಚೆನ್ನಾಗೈತೆ, ಬಲಗಾಲಲ್ಲಿ ಒತ್ಕಂಡ್ ಹೋಗ್ಬೌದು. ಯಾರೂ ತಳ್ಳಂಗಿಲ್ಲ.”

ಯಾರೂ ತಳ್ಳಂಗಿಲ್ಲ ಅನ್ನುವುದನ್ನು ಅವಳು ಎರಡು ಸಲ ಹೇಳಿದಳು. ಆ ಮುಖದಲ್ಲಿ ಅಷ್ಟು ಆಸೆ ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಆಗುತ್ತದೆ ಅಂದೆ. ಆಗುತ್ತದೋ ಇಲ್ಲವೋ ನನಗೇನು ಗೊತ್ತು, ಇಲ್ಲ ಅನ್ನಲು ಬಾಯಿ ಬರಲಿಲ್ಲ. ದುಡ್ಡಿನ ಕಥೆ ಇಲ್ಲಿ ಬೇಡ. ಮಗಳು ಅಳಿಯ ಒಂದಷ್ಟು ಕೊಟ್ಟರು, ಓಣಿಯವರು ಕೈಲಾದ್ದು ಕೊಟ್ಟೆವು, ಮಿಕ್ಕದ್ದು ಅವಳು ಹೊಂದಿಸಿಕೊಂಡಳು.

ಕಲ್ಲು ಹಾಸುವ ಮೇಸ್ತ್ರಿಯನ್ನು ಕರೆಸಿದ್ದಾಯಿತು. ಆತ ಕೈ ಬೆನ್ನಿಗೆ ಕಟ್ಟಿಕೊಂಡು ಈ ತುದಿಯಿಂದ ಆ ತುದಿಗೆ ಒಂದು ಸಲ ನಡೆದ. ಟೇಪು ಜೇಬಿನಿಂದ ಹೊರಗೆ ಬರಲೇ ಇಲ್ಲ.

“ಒಂದ್ ಲೋಡ್ ಮ್ಯಾಲೆ ಇನ್ನೊಂದೊಸಿ ಬೇಕಾಯ್ತದೆ ಕಣವ್ವ. ಕೆಳೀಕೆ ಜಲ್ಲಿ ಪುಡಿ ಒಂದ್ ಟ್ರ್ಯಾಕ್ಟ್ರು.”

“ಅಳ್ದೇ ಇಲ್ವಲ್ಲಣ್ಣ.”

“ಕಣ್ಣಲ್ಲೇ ಅಳ್ದೆ. ಯಾವಾಗ್ಲೂ ಹಂಗೇಯ.”

“ನಮ್ಮೋರ್ಗೆ ತಲೆ ಸುತ್ತು ಬಂದ್ ದಿನ ಡಾಕ್ಟ್ರೂ ಕಣ್ಣಲ್ಲೇ ನೋಡ್ಬುಟ್ಟು ಗ್ಯಾಸ್ ಆಗೈತೆ ಅಂದಿದ್ರು. ಬ್ಯಾಡ ಕಣಣ್ಣ, ನಾನೇ ಅಳೀತೀನಿ.”

ಮೇಸ್ತ್ರಿಗೆ ಬೇಜಾರಾಯಿತು. ಅಳ್ಕಳವ್ವ, ಅಳ್ದು ಎಷ್ಟು ಅಂತ ಹೇಳು, ಅಷ್ಟೇ ತರ್ಸ್ತೀನಿ ಅಂದು ಹೋದ.

ಭಾನುವಾರ ಬೆಳಿಗ್ಗೆ ಅವಳು ಖಾಲಿ ಗಾಲಿ ಕುರ್ಚಿಯನ್ನು ಹೊರಗೆ ತಂದಳು. ನನ್ನ ಹತ್ತಿರ ಬಟ್ಟೆ ಹೊಲಿಯುವ ಟೇಪಿತ್ತು, ತಗೋ ಅಂದೆ. ಓಣಿ ನೆಟ್ಟಗಿಲ್ಲ, ನಡುವೆ ಸೊಟ್ಟ ತಿರುಗುತ್ತದೆ, ಟೇಪು ಸೊಟ್ಟ ಹಿಡಿಯಲ್ಲ ಅಂದಳು. “ಹೋಗಾದು ಗಾಲಿ ತಾನೇ, ಗಾಲಿನೇ ಅಳೀಲಿ ಬುಡಿ.” ನನ್ನ ಟೇಪಿನಿಂದ ಗಾಲಿಯ ಸುತ್ತಳತೆ ಮಾತ್ರ ತೆಗೆದುಕೊಂಡಳು. ಗಾಲಿಯ ಕಂಬಿಗೆ ಒಂದು ಕೆಂಪು ದಾರ ಕಟ್ಟಿದಳು. ದಾರ ಸುತ್ತಿ ಮೇಲೆ ಬಂದಾಗಲೆಲ್ಲ ಬೆರಳಿನ ಒಂದು ಗೆಣ್ಣು ಎಣಿಸಿಕೊಳ್ಳುತ್ತ, ತನ್ನ ಬಾಗಿಲಿನಿಂದ ಹೊರಟಳು.

ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತೆವು. ನೋಡುವುದಕ್ಕೆ ಬೇರೇನಿದೆ ನಮಗೆ. ನನ್ನ ಬಾಗಿಲ ಮುಂದೆ ಅವತ್ತು ಬೆಳಿಗ್ಗೆ ಬಿಟ್ಟ ರಂಗೋಲಿ ಇತ್ತು. ಅವಳು ಅದರ ಅಂಚಿನಲ್ಲಿ ಕುರ್ಚಿ ನಿಲ್ಲಿಸಿ, ಎರಡೂ ಕೈಯಲ್ಲಿ ಎತ್ತಿ, ರಂಗೋಲಿ ದಾಟಿಸಿ ಆಚೆ ಇಟ್ಟು, ಮತ್ತೆ ಉರುಳಿಸಿದಳು. ನಿಂಗಮ್ಮನ ಬಾಗಿಲಲ್ಲೂ ಹಾಗೆಯೇ. ಶಾಹಿದಾಳ ಮನೆ ಮುಂದೆ ರಂಗೋಲಿ ಇಲ್ಲ, ಆದರೂ ಅಲ್ಲೂ ಎತ್ತಿ ದಾಟಿಸಿದಳು.

“ನಂ ಬಾಗ್ಲಲ್ಲಿ ಏನೈತೆ ಅಂತ ಎತ್ತೀಯಕ್ಕ, ಸುಮ್ನೆ ತಳ್ಕಂಡೋಗು” ಅಂದಳು ಶಾಹಿದಾ.

“ಅವ್ರಿಬ್ರದ್ದು ಬುಟ್ಟು ನಿನ್ ಬಾಗ್ಲು ಮ್ಯಾಲೆ ಉರುಳ್ಸ್ಕಂಡೋದ್ರೆ ಚೆನ್ನಾಗಿರ್ತದಾ?”

ಶಾಹಿದಾ ನಕ್ಕಳು. ನಿಂಗಮ್ಮ ನನ್ನ ಕಡೆ ತಿರುಗಿ, ನಡ್ತೆ ಅಂದ್ರೆ ಇವ್ಳದು ಕಣಮ್ಮ, ಅಂದಳು. ನನಗೂ ಹಾಗೇ ಅನ್ನಿಸಿತು.

ಆ ಮಧ್ಯಾಹ್ನ ಲೆಕ್ಕಕ್ಕೆ ಕೂತೆವು. ಎಷ್ಟು ಸುತ್ತು ಗಾಲಿ, ಎಷ್ಟಡಿ ಉದ್ದ, ಎಷ್ಟಡಿ ಅಗಲ ಅಂತ ಅವಳು ಹೇಳಿದ್ದನ್ನು ನಾನು ಗುಣಿಸಿದೆ. ವಾರವೆಲ್ಲ ಮಕ್ಕಳಿಗೆ ಗುಣಾಕಾರ ತಿದ್ದಿ ಭಾನುವಾರವೂ ಅದೇ ಹಣೆಬರಹ ಅಂತ ಗೊಣಗಿಕೊಂಡೇ ಗುಣಿಸಿದೆ. ಅವಳು ಒಂದನ್ನೂ ಬಿಡಲಿಲ್ಲ. ಕಲ್ಲಿನ ಕೆಳಗೆ ಪುಡಿ ನಾಲ್ಕು ಬೆರಳು ದಪ್ಪ ಇರಬೇಕು, ತುಳಿದ ಮೇಲೆ ಒಂದು ಬೆರಳು ಕುಗ್ಗುತ್ತದೆ, ಅದನ್ನು ಹಿಡಿಯಿರಿ ಅಂದಳು. ಗೋಡೆ ಪಕ್ಕ ಅರ್ಧ ಕಲ್ಲು ಕೂರಿಸಬೇಕು, ಒಡೆದರೆ ಇನ್ನರ್ಧ ದಂಡ, ಅದನ್ನೂ ಹಿಡಿಯಿರಿ. ಗಾಡಿಯಿಂದ ಇಳಿಸುವಾಗ ಒಂದಷ್ಟು ಮುರಿಯುತ್ತವೆ.

“ಮುದ್ದೆಗೆ ಹಿಟ್ಟು ಹಾಕುವಾಗ ಒಂದ್ ಹಿಡಿ ಜಾಸ್ತಿ ಹಾಕಲ್ವಾ, ಹಂಗೆ ಒಸಿ ಸೇರ್ಸಿ.”

ಅದನ್ನೂ ಸೇರಿಸಿದೆ. ಮೇಸ್ತ್ರಿ ಹೇಳಿದ್ದಕ್ಕಿಂತ ಕಡಿಮೆ ಬಂತು. ನೋಡಿ, ಕಣ್ಣಳತೆ ಅಂದ್ರೆ ಹಿಂಗೇ, ಅಂತ ಅವಳು ಖುಷಿಪಟ್ಟಳು. ಲೆಕ್ಕ ನಡೆಯುವಾಗಲೂ ಕೂಗು ನಿಂತಿರಲಿಲ್ಲ. ನನ್ನ ಹೊಸ್ತಿಲಿನಿಂದಲೇ “ಇಲ್ಲೇ ಇವ್ನಿ” ಅಂತ ಉತ್ತರ ಕೊಡುತ್ತ, ಗೆಣ್ಣಿನ ಮೇಲಿದ್ದ ಹೆಬ್ಬೆರಳು ಕದಲದಂತೆ ನೋಡಿಕೊಂಡಿದ್ದಳು.

ಕೆಲಸ ಶುರುವಾಗುವ ಮೊದಲು ನಿಂಗಮ್ಮ ಒಂದು ತಕರಾರು ತೆಗೆದಳು. ಕಲ್ಲು ಹಾಸಿದರೆ ಮಳೆ ನೀರು ಭೂಮಿಗೆ ಇಳಿಯಲ್ಲ, ಓಣಿಯ ನೀರೆಲ್ಲ ಹರಿದು ತನ್ನ ಬಾಗಿಲಿಗೇ ಬರುತ್ತದೆ ಅಂತ. ಸಾತನೂರಕ್ಕ ವಾದ ಮಾಡಲಿಲ್ಲ. ಒಂದು ಬಿಂದಿಗೆ ನೀರು ತಂದು ಓಣಿಯ ಮೇಲ್ತುದಿಯಲ್ಲಿ ಸುರಿದು, ಇಬ್ಬರೂ ಅದರ ಹಿಂದೆಯೇ ನಡೆದರು. ನೀರು ಸೊಟ್ಟ ತಿರುಗುವಲ್ಲಿ ತಡವರಿಸಿ, ಕೊನೆಗೆ ನಿಂಗಮ್ಮ ಹೇಳಿದಂತೆಯೇ ಅವಳ ಬಾಗಿಲಿಗೆ ಬಂದು ನಿಂತಿತು. “ನೀ ಹೇಳಿದ್ದೇ ಸರಿ ಕಣವ್ವ” ಅಂದಳು ಸಾತನೂರಕ್ಕ. ನೀರು ಎದುರು ಗೋಡೆಯ ಕಡೆಗೆ ಇಳಿದುಹೋಗುವಂತೆ ಓಟ ಕೊಡಲು ಮೇಸ್ತ್ರಿಗೆ ಹೇಳಿದ್ದಾಯಿತು. ನಿಂಗಮ್ಮನಿಗೆ ಗೆದ್ದ ಸಂತೋಷ, ಮೇಸ್ತ್ರಿಗೆ ಎರಡು ಲೋಟ ಮಜ್ಜಿಗೆ ಕೊಟ್ಟಳು.

ಕಲ್ಲು ಬಂತು, ಬೂದಿ ಬಣ್ಣದ್ದು. ಮೇಸ್ತ್ರಿ ಜನ ಓಡಾಡಲಿ ಅಂತ ಬಾಗಿಲುಗಳ ಮುಂದಿನ ಜಾಗವನ್ನು ಕೊನೆಗೆ ಉಳಿಸಿಕೊಂಡು ಮಿಕ್ಕ ಕಡೆ ಹಾಸುತ್ತ ಹೋದ. ಎರಡನೇ ದಿನ ಸಂಜೆ ಸಾತನೂರಕ್ಕನ ಬಾಗಿಲ ಮುಂದೆ ಕೊನೆಯ ಕಲ್ಲು ಕೂರಿಸಿ ಸೊಂಟ ನೆಟ್ಟಗೆ ಮಾಡಿದ. ನನ್ನ ಬಾಗಿಲ ಮುಂದೆ ಮಣ್ಣು ಹಾಗೇ ಇತ್ತು. ಶಾಹಿದಾಳ ಬಾಗಿಲ ಮುಂದೆ ಇತ್ತು. ನಿಂಗಮ್ಮನ ಬಾಗಿಲ ಮುಂದೆಯೂ ಇತ್ತು. ಕಲ್ಲು ಒಂದೂ ಉಳಿದಿರಲಿಲ್ಲ.

“ಅಳ್ದೋರು ಯಾರು?” ಅಂತ ಕೇಳಿದ, ಗೊತ್ತಿದ್ದೂ.

ಸಾತನೂರಕ್ಕ ಮೂರೂ ಜಾಗ ನೋಡಿದಳು. ಎತ್ತಿ ದಾಟಿಸಿದ ಕಡೆ ದಾರ ಸುತ್ತಿರಲಿಲ್ಲ, ಸುತ್ತದೆ ಇದ್ದುದನ್ನು ಬೆರಳು ಎಣಿಸಿರಲಿಲ್ಲ. ತನ್ನ ಬಾಗಿಲ ಮುಂದಿನದನ್ನು ಮಾತ್ರ ಉರುಳಿಸಿಕೊಂಡು ಬಂದಿದ್ದಳು, ಅಲ್ಲಿ ಮಾತ್ರ ಕಲ್ಲು ಬಾಗಿಲವರೆಗೂ ಹಾಸಿತ್ತು. ನಾವು ಮೂರು ಜನ ಹೆಂಗಸರು ಅವಳ ನಡತೆ ಹೊಗಳಿಕೊಂಡು ನೋಡುತ್ತ ನಿಂತಿದ್ದೆವು, ಒಬ್ಬಳಿಗೂ ಹೊಳೆದಿರಲಿಲ್ಲ.

“ನಂಗೆ ಅದು ಲೆಕ್ಕಕ್ಕೇ ಬರ್ನಿಲ್ಲ ಟೀಚರಮ್ಮ” ಅಂದಳು ಆಮೇಲೆ. “ಇನ್ನೊಬ್ರ ಬಾಗ್ಲು ಮುಂದ್ಲುದು ದಾರಿ ಅಂತ ಮನ್ಸಿಗೇ ಬರ್ನಿಲ್ಲ.”

ಅದೇ ಬೂದಿ ಬಣ್ಣದ್ದು ಆ ಬಾರಿಯ ಸರಕಿನಲ್ಲಿ ಮುಗಿದುಹೋಗಿತ್ತು. ಮುಂದಿನದು ಯಾವಾಗ ಬರುತ್ತದೋ, ಬಂದರೂ ಬಣ್ಣ ಹೊಂದುವುದಿಲ್ಲ ಅಂತ ಮೇಸ್ತ್ರಿ ಹೇಳಿ, ಮಾಗಡಿ ಕಡೆ ಬೇರೆ ಕೆಲಸಕ್ಕೆ ಹೊರಟುಹೋದ. ಬಾಗಿಲ ಮುಂದೆ ಕಲ್ಲು ಹಾಸುವುದೇ ಬೇಡ ಅಂತ ನಿಂಗಮ್ಮ ಬೇರೆ ಹಟ ಹಿಡಿದಳು. ಅವಳು ದಿನಾ ಸಗಣಿ ನೀರು ಹಾಕಿ ಸಾರಿಸುವವಳು. ಸಿಮೆಂಟಿನ ಮೇಲೆ ಸಗಣಿ ಹಿಡಿಯುತ್ತದಾ, ಸಾರಿಸದೆ ರಂಗೋಲಿ ಬಿಟ್ಟರೆ ಮನೆಗೆ ಒಳ್ಳೇದಾ, ಅಂತ ಕೇಳಿದಳು. ಅವಳದೂ ತಪ್ಪಲ್ಲ.

ಸಾತನೂರಕ್ಕನ ಗಂಡನಿಗೆ ತಡೆಯಲಾಗಲಿಲ್ಲ. ಕಲ್ಲು ಹಾಸುವ ಸದ್ದು ಕೇಳಿ ಕೇಳಿ ಅವರೂ ಮಗುವಿನಂತೆ ಕಾದಿದ್ದರು. ಒಂದು ಸಂಜೆ ಕುರ್ಚಿಯಲ್ಲಿ ಕೂತು, ಬಲಗೈಯಲ್ಲಿ ಗಾಲಿ ಹಿಡಿದು, ಬಲಗಾಲಿನಿಂದ ನೆಲ ಒತ್ತುತ್ತ ಹೊರಟೇಬಿಟ್ಟರು. ನನ್ನ ಬಾಗಿಲ ಮುಂದಿನ ಮಣ್ಣು ಒಣಗಿತ್ತು, ಹೇಗೋ ದಾಟಿದರು. ಶಾಹಿದಾ ಬೊಂಬೆಯ ಪೆಟ್ಟಿಗೆಯ ಹಲಗೆ ಹಾಕಿದ್ದಳು, ಅದನ್ನೂ ದಾಟಿದರು. ನಿಂಗಮ್ಮನ ಬಾಗಿಲಲ್ಲಿ ಹಸು ತೊಳೆದ ನೀರು ನಿಂತಿತ್ತು. ಗಾಲಿ ಕಂಬಿಯವರೆಗೂ ಹೂತುಹೋಯಿತು. ಪೇಟೆ ಬೀದಿ ಅಲ್ಲೇ ಕಾಣುತ್ತಿತ್ತು, ಟೀ ಅಂಗಡಿಯಲ್ಲಿ ಕೂತಿದ್ದವರು ಇವರ ಕಡೆ ತಿರುಗಿದ್ದರು. ಬಲಗಾಲಿನಿಂದ ಒತ್ತಿದಷ್ಟೂ ಕುರ್ಚಿ ಒಂದು ಕಡೆಗೆ ವಾಲಿತು.

“ಎಲ್ಲೋದ್ಯೇ?”

ಮನೆಯೊಳಗಿನಿಂದಲ್ಲ, ಓಣಿಯ ಪೇಟೆ ಬೀದಿಯ ತುದಿಯಿಂದ ಬಂದ ಕೂಗು ಅದು. ನಾನು ಆಗತಾನೆ ಬಸ್ಸಿಳಿದು ಓಣಿಗೆ ತಿರುಗಿದ್ದೆ. ಸಾತನೂರಕ್ಕ ಓಡಿಬಂದಳು. ಅವಳು, ನಾನು ಸೇರಿ ಕುರ್ಚಿಯನ್ನು ಹಿಂದಕ್ಕೆ ಎಳೆದೆವು, ಹಿಮ್ಮುಖವಾಗಿಯೇ ಮನೆಯವರೆಗೂ ಎಳೆದುಕೊಂಡು ಹೋದೆವು. ಅವರು ತಲೆ ಬಗ್ಗಿಸಿ ಕೂತಿದ್ದರು. ಮಂಚಕ್ಕೆ ಹತ್ತಿಸಿದ ಮೇಲೆ ಹೇಳಿದರು.

“ಇನ್ ನಂಗ್ ಆ ಆಸೆ ಬ್ಯಾಡ. ಮನೇಲೇ ಇರ್ತೀನಿ. ನೀನಿದ್ದೀಯಲ್ಲ.”

ಪ್ರೀತಿಯಿಂದಲೇ ಹೇಳಿದ್ದು. ಕಣ್ಣಲ್ಲಿ ನೀರೂ ಇತ್ತು. ಅವರ ಪಾದದ ಕೆಸರು ಒರೆಸುತ್ತ ನೆಲದ ಮೇಲೆ ಕೂತಿದ್ದ ಸಾತನೂರಕ್ಕ ಒರೆಸುವುದನ್ನು ನಿಲ್ಲಿಸಿದಳು. ಆಮೇಲೆ ಮತ್ತೆ ಒರೆಸಿದಳು. ನಾನು ಅವಳ ಮುಖ ನೋಡಿದೆ. ನೋಡಬಾರದಿತ್ತು ಅನ್ನಿಸಿತು. 

ಮಾರನೇ ಬೆಳಿಗ್ಗೆ ಅವಳು ನಿಂಗಮ್ಮನ ಮನೆಗೆ ಹೋದಳು. ನಾನೂ ಹಿಂದೆ ಹೋದೆ, ನಿಂಗಮ್ಮನ ಬಾಯಿ ದೊಡ್ಡದು ಅಂತ. ಏನು ಹೇಳಬೇಕು ಅಂತ ದಾರಿಯಲ್ಲಿ ನಾನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಸಾತನೂರಕ್ಕ ಏನನ್ನೂ ಜೋಡಿಸಿಕೊಂಡಿರಲಿಲ್ಲ. ಸೆರಗನ್ನು ಸೊಂಟದಿಂದ ಬಿಚ್ಚಿ ಬಾಗಿಲಲ್ಲಿ ನಿಂತಳು.

“ನಿಂಗಮ್ಮಾ, ನಾನು ಸೋತೋದೆ ಕಣೇ.”

ಅಷ್ಟೇ ಅಂದಳು. ನಿಂಗಮ್ಮ ಹಾಲು ಕರೆದ ಚೊಂಬು ಹಿಡಿದುಕೊಂಡೇ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ತನ್ನ ಬಾಗಿಲ ಮುಂದೆ ಗಾಲಿ ಹೂತಿದ್ದ ಗುಳಿ ನೋಡಿದಳು. ಬೆಳಿಗ್ಗೆ ಅವಳು ಆ ಗುಳಿಯನ್ನು ಮುಚ್ಚಿರಲಿಲ್ಲ, ರಂಗೋಲಿಯನ್ನೂ ಬಿಟ್ಟಿರಲಿಲ್ಲ.

“ಪೇಟೆ ಬೀದಿಯೋರೆಲ್ಲ ನೋಡವ್ರೆ. ನನ್ ಬಾಗ್ಲಲ್ಲಿ ಒಬ್ ಗಂಡ್ಸು ಹಂಗೆ ಸಿಕ್ಕಾಕ್ಕಂಡು ಕೂಗಿದ್ದು ನಂಗೇನ್ ಚೆಂದ್ವಾ?” ಅಂತ ಸಿಡುಕಿದಳು. “ಹಾಕ್ಸ್ಕ ಹೋಗು. ಆದ್ರೆ ನನ್ ಬಾಗ್ಲಿಗೆ ಆ ಬೂದಿ ಕಲ್ಲು ಬ್ಯಾಡ. ಅದ್ರ ಮ್ಯಾಲೆ ರಂಗೋಲಿ ಎದ್ದು ಕಾಣಕಿಲ್ಲ. ಕೆಂಪ್ನೇದು ಹಾಕ್ಸು.”

“ಸಗಣಿ?” ಅಂತ ನಾನು ಕೇಳಿದೆ. ಕೇಳಬಾರದಿತ್ತು.

“ನೀರಿಗ್ ಒಸಿ ಬೆರ್ಸಿ ಚಿಮ್ಕಿಸ್ತೀನಿ. ದೇವ್ರಿಗೆ ನಿಮ್ಮಷ್ಟು ಲೆಕ್ಕ ಬರಲ್ಲ ಟೀಚರಮ್ಮ, ಹೋಗಿ ಸ್ಕೂಲಿಗೆ ಹೊತ್ತಾಯ್ತದೆ.”

ಕೆಂಪು ಕಲ್ಲು ಎಷ್ಟು ಬೇಕಾದರೂ ಸಿಗುತ್ತಿತ್ತು. ಸಾತನೂರಕ್ಕ ಈ ಸಲ ಗಾಲಿ ತರಲಿಲ್ಲ. ಮೇಸ್ತ್ರಿಯನ್ನು ಮಾಗಡಿಯಿಂದ ಕರೆಸಿ, ನೀನೇ ಅಳತೆ ತಗಳಣ್ಣ, ಕಣ್ಣಲ್ಲೇ ತಗ ಅಂದಳು. ಆತ ಈ ಸಲ ಟೇಪು ತೆಗೆದು ಒಂದೊಂದು ಬಾಗಿಲನ್ನೂ ಎರಡೆರಡು ಸಲ ಅಳೆದ. ಶಾಹಿದಾ ತನಗೂ ಕೆಂಪೇ ಇರಲಿ ಅಂದಳು, ನಾನೂ ಹೂಂ ಅಂದೆ. ಈಗಲೂ ನಮ್ಮ ಓಣಿಗೆ ಹೊಸಬರು ಬಂದರೆ, ಬಾಗಿಲ ಮುಂದೆ ಮಾತ್ರ ಕೆಂಪು ಯಾಕೆ, ಡಿಸೈನಾ ಅಂತ ಕೇಳುತ್ತಾರೆ. ಡಿಸೈನೇ ಅನ್ನುತ್ತೇನೆ. ಎಲ್ಲರಿಗೂ ಎಲ್ಲ ಹೇಳುತ್ತ ಕೂರಲು ಯಾರಿಗೆ ಶಕ್ತಿ ಇದೆ.

ಕೆಲಸ ಮುಗಿದರೂ ಅವರು ಮಂಚ ಬಿಟ್ಟು ಏಳಲಿಲ್ಲ. ಬ್ಯಾಡ ಬುಡು, ಮತ್ತೆ ಸಿಕ್ಕಾಕ್ಕತ್ತೀನಿ, ಅನ್ನುತ್ತಿದ್ದರು. ಸಾತನೂರಕ್ಕ ಬಲವಂತ ಮಾಡಲಿಲ್ಲ. ದಿನಾ ಸಂಜೆ ಅವರಿಗೆ ಮುಖ ತೊಳೆಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕುರ್ಚಿಯನ್ನು ಬಾಗಿಲಿಗೆ ತಿರುಗಿಸಿ ಇಟ್ಟು, ತಾನು ಅಡುಗೆಮನೆಗೆ ಹೋಗುತ್ತಿದ್ದಳು. ಕೂಗು ಬಂದರೆ “ಇಲ್ಲೇ ಇವ್ನಿ” ಅನ್ನುತ್ತಿದ್ದಳು. ಒಂದೆರಡು ವಾರ ಹೀಗೇ ಕಳೆಯಿತು. ಇಷ್ಟೆಲ್ಲ ಮಾಡಿ ದಂಡವಾಯಿತಲ್ಲ ಅಂತ ನನಗೆ ಹೊಟ್ಟೆಯುರಿಯುತ್ತಿತ್ತು. ಅವಳು ಮಾತ್ರ ಅಂಗಿಗೆ ಇಸ್ತ್ರಿ ಹಾಕುವುದನ್ನು ಬಿಡಲಿಲ್ಲ.

ಒಂದು ಶನಿವಾರ ನನಗೆ ಅರ್ಧ ದಿನ ಶಾಲೆ. ಮನೆಯಲ್ಲೇ ಇದ್ದೆ. ಸಂಜೆ ಹೊತ್ತಿಗೆ ಕಲ್ಲಿನ ಮೇಲೆ ಗಾಲಿ ಉರುಳುವ ಸದ್ದು ಕೇಳಿಸಿತು, ನಡುನಡುವೆ ಚಪ್ಪಲಿ ನೆಲ ಒತ್ತುವ ಸದ್ದು. ಹೊರಗೆ ಬಂದೆ. ಅವರು ನನ್ನ ಬಾಗಿಲ ಮುಂದಿನ ರಂಗೋಲಿಯ ಹತ್ತಿರ ನಿಂತು ಅನುಮಾನಿಸಿದರು. ತುಳ್ಕಂಡೇ ಹೋಗಿ ಅಣ್ಣ, ನಾಳೆ ಮತ್ತೆ ಬಿಡ್ತೀನಿ, ಅಂದೆ. ಹೋದರು. ಶಾಹಿದಾ ಕೈಯಲ್ಲಿ ಬಣ್ಣದ ಕುಂಚ ಹಿಡಿದೇ ಬಂದು ನಿಂತಳು. ನಿಂಗಮ್ಮ ಹಸುವನ್ನು ಹಿತ್ತಿಲಿಗೆ ಅಟ್ಟಿ ದಾರಿ ಬಿಟ್ಟಳು. ಓಣಿಯ ಬಾಯಿಗೆ ಬಂದು, ಒಂದು ಗಳಿಗೆ ನಿಂತು, ಅವರು ಪೇಟೆ ಬೀದಿಗೆ ಇಳಿದರು. ಟೀ ಅಂಗಡಿಯಿಂದ ಯಾರೋ ಜೋರಾಗಿ ಅವರ ಹೆಸರು ಕೂಗಿದ್ದು ಕೇಳಿಸಿತು.

“ಗಂಡನ್ಗೋಸ್ಕರ ದಾರಿನೇ ಹಾಸ್ಬುಟ್ಲು ಪುಣ್ಯಾತ್ಗಿತ್ತಿ” ಅಂದಳು ನಿಂಗಮ್ಮ. ನಿಂಗಮ್ಮನ ಕಣ್ಣು ಒದ್ದೆಯಾಗಿದ್ದವು. ನನ್ನವೂ ಆಗಿದ್ದವು, ಸುಳ್ಳು ಯಾಕೆ.

ಮನೆಯಲ್ಲಿ ಶಾವಿಗೆ ಪಾಯಸ ಇತ್ತು. ಒಂದು ಬಟ್ಟಲಿಗೆ ಹಾಕಿಕೊಂಡು ಸಾತನೂರಕ್ಕನ ಮನೆಗೆ ಹೋದೆ. ಅವಳು ಬಾಗಿಲಲ್ಲಿ ನಿಂತಿದ್ದಳು. ಗಂಡ ಹೋದ ದಾರಿ ನೋಡುತ್ತಿದ್ದಾಳೆ ಅಂದುಕೊಂಡೆ. ದಾರಿ ನೋಡುತ್ತಿರಲಿಲ್ಲ. ಒಂದು ಕೈ ಆಗಲೇ ಬಾಗಿಲ ಮೇಲಿತ್ತು, ಮುಚ್ಚಲು ನಿಂತಿದ್ದಳು.

“ತಗೋ, ಬಾಯಿ ಸಿಹಿ ಮಾಡ್ಕೊ. ನೀನು ಗೆದ್ಬುಟ್ಟೆ” ಅಂದೆ.

“ಹೂಂ” ಅಂದಳು.

ನಾನು ಒಳಗೆ ಹೋಗಲು ಕಾಲೆತ್ತಿದೆ. ಅವಳು ದಾರಿ ಬಿಡಲಿಲ್ಲ.

“ಟೀಚರಮ್ಮ, ಬೇಜಾರ್ ಮಾಡ್ಕಬ್ಯಾಡಿ. ಒಳೀಕೆ ಬರ್ಬ್ಯಾಡಿ.”

ನನಗೆ ಅರ್ಥವಾಗಲಿಲ್ಲ.

“ಎಲ್ರೂ ಅವ್ರಿಗೋಸ್ಕರ ಅಂತಾರೆ. ಅನ್ಲಿ ಬುಡಿ. ಅವ್ರು ಆಚೆ ಹೋಗ್ಲಿ ಅಂತಾನೇ ಹಾಕ್ಸ್ದೆ, ಅದು ದಿಟ. ಅವ್ರಿಗೂ ಖುಷಿಯಾಯ್ತು, ಅದೂ ದಿಟ. ಆದ್ರೆ ಈ ಮನೇಲಿ ನಾನೊಬ್ಳೇ ಇದ್ದು ಯಾವ್ ಕಾಲಾಯ್ತು ಗೊತ್ತಾ? ಇಲ್ಲೇ ಇವ್ನಿ, ಇಲ್ಲೇ ಇವ್ನಿ ಅಂತ ಹೇಳಿ ಹೇಳಿ ನಂಗ್ ಸಾಕಾಗೋಯ್ತು ಕಣಮ್ಮ. ಒಂದ್ ಗಳ್ಗೆ ಎಲ್ಲೂ ಇರ್ಬಾರ್ದು ಅನ್ನಿಸ್ತದೆ. ಯಾರ್ಗೂ ಹೇಳ್ಬ್ಯಾಡಿ.”

ಧ್ವನಿಯಲ್ಲಿ ಅಳುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಸುಸ್ತು ಮಾತ್ರ ಇತ್ತು. ಬಾಗಿಲು ಮುಚ್ಚಿದಳು. ಒಳಗಿನಿಂದ ಚಿಲಕ ಹಾಕಿಕೊಂಡಳು.

ನಾನು ಬಟ್ಟಲು ಹಿಡಿದು ಹೊರಗೆ ನಿಂತೆ. ನನ್ನನ್ನೂ ಹೊರಗಿಟ್ಟಳಲ್ಲ ಅಂತ ಒಂದು ಕ್ಷಣ ನೋವಾಯಿತು. ಒಳಗೆ ಪಾತ್ರೆಯ ಸದ್ದಿಲ್ಲ, ನೀರಿನ ಸದ್ದಿಲ್ಲ. ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲೆ ಸದ್ದಾಗದಂತೆ ಇಟ್ಟು ನನ್ನ ಹೊಸ್ತಿಲಿಗೆ ಬಂದು ಕೂತೆ.

ಸ್ವಲ್ಪ ಹೊತ್ತಿಗೇ ಗಾಲಿಯ ಸದ್ದು ವಾಪಸು ಬಂತು. ಟೀ ಕುಡಿದು ಮುಖ ಅರಳಿಸಿಕೊಂಡು ಬರುತ್ತಿದ್ದರು ಮನುಷ್ಯ, ಎಲ್ಲವನ್ನೂ ಅವಳಿಗೆ ಹೇಳುವ ಆತುರ ಮುಖದ ಮೇಲೇ ಇತ್ತು. ನನ್ನ ಬಾಗಿಲ ಮುಂದೆ ಬರುವಷ್ಟರಲ್ಲಿ ನಾನು ಎದ್ದು ಅಡ್ಡ ನಿಂತೆ. ಯಾಕೆ ನಿಂತೆ ಅಂತ ಯೋಚಿಸಿಯೂ ಇರಲಿಲ್ಲ.

“ಏನಣ್ಣ, ಇಷ್ಟ್ ಬೇಗ ಬಂದ್ಬುಟ್ರಾ?”

“ಅವ್ಳು ಕಾಯ್ತಿರ್ತಾಳೆ ಕಣಮ್ಮ.”

“ಕಾಯ್ತಿಲ್ಲ ಅಣ್ಣ” ಅಂದೆ. “ಇನ್ನೂ ಬೆಳಕೈತೆ. ಇನ್ನೊಂದ್ ಸುತ್ತು ಹೋಗ್ ಬನ್ನಿ.”

ಅವರು ನನ್ನನ್ನು ನೋಡಿದರು. ನನ್ನ ಹಿಂದೆ, ಓಣಿಯ ಕೊನೆಯಲ್ಲಿ ಮುಚ್ಚಿದ್ದ ತಮ್ಮ ಮನೆಯ ಬಾಗಿಲನ್ನು ತುಂಬ ಹೊತ್ತು ನೋಡಿದರು.  ಬಲಗೈಯಲ್ಲಿ ಗಾಲಿ ಹಿಡಿದು ನಿಧಾನಕ್ಕೆ ಕುರ್ಚಿ ತಿರುಗಿಸಿಕೊಂಡು, ಪೇಟೆ ಬೀದಿಯ ಕಡೆಗೆ ಮತ್ತೆ ಹೊರಟರು.